ರೇಷ್ಮೆಹುಳುವಿನ ವೈರಿಯ ಹರಳು

ಮದ್ದೂರು, ಮಳವಳ್ಳಿ ಕಡೆಯ ಹುಳುಮನೆಗಳಲ್ಲಿ ಸಪ್ಪೆ ರೋಗವನ್ನು ಹೊಗಳಿದರೆ ಬೈಗುಳ ಖಾತ್ರಿ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಹಂತ, ದಾಟಿ ಗಬಗಬ ಮೇಯುತ್ತಿದ್ದ ಹುಳು ಸೊಪ್ಪು ಬಿಟ್ಟು, ಮೆತ್ತಗಾಗಿ, ಕಪ್ಪಿಟ್ಟು ನಾರುತ್ತದೆ. ಈ ಬಗೆಯ ಸಾವು ತರುವ ಬ್ಯಾಕ್ಟೀರಿಯಾಗಳಲ್ಲಿ ಒಂದರ ಕುಸುರಿಗೆ ಮಾತ್ರ ನಾನು ಮರುಳಾಗಿದ್ದೇನೆ: ಬ್ಯಾಸಿಲಸ್ ತುರಿಂಜಿಯೆನ್ಸಿಸ್.

1901ರಲ್ಲಿ ಜಪಾನಿನ ಇಶಿವಾಟಾ ಅದನ್ನು ಕಂಡದ್ದು ರೇಷ್ಮೆಹುಳುವಿನಲ್ಲೇ. ಹತ್ತು ವರ್ಷದ ಬಳಿಕ ಜರ್ಮನಿಯ ಬರ್ಲಿನರ್‌ಗೆ ಹಿಟ್ಟಿನ ಪತಂಗದ ಮರಿಯಲ್ಲಿ ಸಿಕ್ಕಿತು. ಹೆಸರು ಮಾತ್ರ ಜರ್ಮನಿಯ ತುರಿಂಜಿಯಾದ ಪಾಲಾಯಿತು. ಅನ್ಯಾಯವೇ ಸರಿ!

ಇದರ ಸೊಗಸಿರುವುದು ಹರಳಿನಲ್ಲಿ. ಬೀಜಕ ಕಟ್ಟುವಾಗಲೇ ಈ ಜೀವಿ ಪಕ್ಕದಲ್ಲೊಂದು ಪ್ರೋಟೀನಿನ ಹರಳು ಕಟ್ಟುತ್ತದೆ, ಹಲವು ತಳಿಗಳಲ್ಲಿ ವಜ್ರದಾಕಾರದ್ದು. ಅದು ಹಾಗೇ ಇದ್ದರೆ ನಿರುಪದ್ರವಿ. ಹುಳುವಿನ ಕರುಳು ನಮ್ಮ ಜಠರದಂತೆ ಆಮ್ಲವಲ್ಲ, ಕಡು ಕ್ಷಾರ. ಅಲ್ಲಿ ಹರಳು ಕರಗುತ್ತದೆ. ಹುಳುವಿನದೇ ಜೀರ್ಣರಸ ಅದನ್ನು ಕತ್ತರಿಸಿ ವಿಷವನ್ನು ಹರಿತಗೊಳಿಸುತ್ತದೆ. ಆ ವಿಷ ಕರುಳಿನ ಕೋಶಗಳಿಗೆ ತೂತು ಕೊರೆಯುತ್ತದೆ. ಮೇವು ನಿಲ್ಲುತ್ತದೆ, ಬೀಜಕಗಳು ಹೆಣದಲ್ಲಿ ಬೆಳೆಯುತ್ತವೆ.

2002ರಲ್ಲಿ ನಮ್ಮ ದೇಶಕ್ಕೆ ಬಂದ ಬಿಟಿ ಹತ್ತಿಯೊಳಗೆ ಇರುವುದೂ ಇದೇ ಜೀವಿಯ ಜೀನು. ತರಕಾರಿ ಬೆಳೆಗಾರ ಹುಳು ಕೊಲ್ಲಲು ದುಡ್ಡು ಕೊಟ್ಟು ಸಿಂಪಡಿಸುವ ಇದೇ ಬ್ಯಾಕ್ಟೀರಿಯಾದ ಪುಡಿಯನ್ನು ಪಕ್ಕದ ಹಿಪ್ಪುನೇರಳೆ ತೋಟದವನು ಹತ್ತಿರವೂ ಬಿಟ್ಟುಕೊಳ್ಳಬಾರದು. ಬೀಜಕವಂತೂ ಸುಲಭಕ್ಕೆ ಸಾಯುವ ಜಾತಿಯಲ್ಲ. ಪ್ರತಿ ಬೆಳೆಗೂ ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆ, ನೆಲವನ್ನೆಲ್ಲ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆಯುವುದು ಅದಕ್ಕೇ.