ಚಹಾದಲ್ಲಿ ಕೆಂಪಾಗುವ ಚಿನ್ನ

ಚಿನ್ನದ ಲವಣ ಕರಗಿಸಿದ ನೀರು ತಿಳಿ ಹಳದಿ. ಅದಕ್ಕೆ ಚಹಾದ ಕಷಾಯ ಬೆರೆಸಿ ಕಲಕಿದರೆ ಸ್ವಲ್ಪ ಹೊತ್ತಿನಲ್ಲೇ ಮಾಣಿಕ್ಯದ ಕೆಂಪಿಗೆ ತಿರುಗುತ್ತದೆ. ಕಣಗಳು ನ್ಯಾನೋಮೀಟರ್ ಅಳತೆಗೆ ಇಳಿದಾಗ ಚಿನ್ನ ಹಸಿರು ಬೆಳಕನ್ನು ಹೀರಿ ಕೆಂಪನ್ನು ಬಿಟ್ಟುಕೊಡುತ್ತದೆ.

ಇಂಥ ಕಣ ತಯಾರಿಸಲು ಸೋಡಿಯಂ ಬೋರೋಹೈಡ್ರೈಡ್‌ನಂಥ ಕಟು ರಾಸಾಯನಿಕ ಬಳಸುವುದುಂಟು. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಕಟ್ಟೇಶ ಕಟ್ಟಿ (ನಮ್ಮ ಧಾರವಾಡದ ಕಡೆಯವರು) ಮತ್ತು ಸಂಗಡಿಗರು ಆ ಕೆಲಸವನ್ನು ಚಹಾ ಎಲೆಗೆ ವಹಿಸಿದರು. ಎಲೆಯಲ್ಲಿರುವ ಕ್ಯಾಟೆಚಿನ್ ಎಂಬ ಸಂಯುಕ್ತಗಳು ಎಲೆಕ್ಟ್ರಾನ್ ಕೊಟ್ಟು ಚಿನ್ನದ ಅಯಾನನ್ನು ಲೋಹವಾಗಿಸುತ್ತವೆ. ಬಳಿಕ ಎಲೆಯ ಅಂಶಗಳೇ ಕಣವನ್ನು ಸುತ್ತಿಕೊಂಡು, ಒಂದಕ್ಕೊಂದು ಅಂಟದಂತೆ ಕಾಯುತ್ತವೆ. ಹೆತ್ತವಳೇ ಕುಲಾವಿ ಹೊಲಿದು ತೊಡಿಸಿದ ಹಾಗೆ!

ನನಗೆ ಹೆಚ್ಚು ಹಿಡಿಸಿದ್ದು ಮುಂದಿನ ಹೆಜ್ಜೆ. ಪ್ರಾಸ್ಟೇಟ್ ಗಡ್ಡೆಯ ಕೋಶಗಳ ಮೇಲೆ ಲ್ಯಾಮಿನಿನ್ ಎಂಬ ಪ್ರೋಟೀನನ್ನು ಹಿಡಿಯುವ ಗ್ರಾಹಕಗಳು ಹೇರಳ. ಚಹಾದ ಇಜಿಸಿಜಿ ಎಂಬ ಕ್ಯಾಟೆಚಿನ್ ಅವಕ್ಕೆ ಹೋಗಿ ಅಂಟುತ್ತದೆ. ವಿಕಿರಣ ಸೂಸುವ ಚಿನ್ನ-198ರ ಕಣಗಳಿಗೆ ಅದನ್ನೇ ಹೊದಿಸಿ ಇಲಿಗಳ ಗಡ್ಡೆಗೆ ನೇರವಾಗಿ ಚುಚ್ಚಿದರು. ಈ ಚಿನ್ನದ ಅರ್ಧಾಯು 2.7 ದಿನ, ಸುಡುವಷ್ಟು ಸುಟ್ಟು ಬೇಗ ತಣಿಯುವ ಗುಣ. ಫಲಿತಾಂಶ 2012ರಲ್ಲಿ ಪ್ರಕಟವಾಯಿತು: ಚಿಕಿತ್ಸೆ ಸಿಗದ ಇಲಿಗಳಿಗೆ ಹೋಲಿಸಿದರೆ, ನಾಲ್ಕು ವಾರಗಳಲ್ಲಿ ಗಡ್ಡೆಯ ಗಾತ್ರ ಸುಮಾರು ಶೇ. 80ರಷ್ಟು ಕಡಿಮೆ.

ಚಹಾಪ್ರಿಯರು ಬೀಗಬೇಕಿಲ್ಲ, ಕುಡಿದ ಲೋಟಕ್ಕೆ ಈ ಶಕ್ತಿಯಿಲ್ಲ. ಇಲಿಯಿಂದ ಮನುಷ್ಯನವರೆಗಿನ ದಾರಿಯೂ ದೂರ. ಮೇಲಾಗಿ ತೋಟ ಬದಲಾದರೆ, ಕೊಯ್ಲು ಬದಲಾದರೆ ಎಲೆಯ ರಸವೂ ಬದಲು. ಪ್ರತಿ ಸಲ ಒಂದೇ ಗಾತ್ರದ ಕಣ ತೆಗೆಯುವುದರಲ್ಲೇ ಈ ಕಸುಬಿನ ಪರೀಕ್ಷೆಯಿದೆ.