ಹೊಲದ ಭಜ್ಜಿ, ಸಂತಿ ಭಜ್ಜಿ

ಎಳ್ಳ ಅಮಾವಾಸ್ಯೆಯ ಊಟವನ್ನು ಹೊಗಳುವವರು ಮೊದಲು ಹೋಳಿಗೆಯ ಹೆಸರೆತ್ತುತ್ತಾರೆ. ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಆಮೇಲೆ ಸಜ್ಜಿ ಕಡಬು, ಖಡಕ್ ರೊಟ್ಟಿ, ಎಣ್ಣೆಗಾಯಿ. ಭಜ್ಜಿಯ ಮಾತು ಬರುವುದು ಕೊನೆಗೆ, ನೆಂಚಿಕೊಳ್ಳಲು ಅದೂ ಇತ್ತು ಎಂಬಂತೆ. ಈ ಲೆಕ್ಕ ತಲೆಕೆಳಗಾಗಿದೆ ಎಂಬುದು ನನ್ನ ತಕರಾರು. ಹೋಳಿಗೆ ಯುಗಾದಿಗೂ ಆಗುತ್ತದೆ, ಮದುವೆಗೂ ಆಗುತ್ತದೆ. ಭಜ್ಜಿ ಹಾಗಲ್ಲ. ಹಿಂಗಾರಿ ಜೋಳದ ತೆನೆಗೆ ಹಾಲು ತುಂಬುವ ಹೊತ್ತಿನಲ್ಲಿ, ಯಾದಗಿರಿ, ಶಹಾಪುರ, ಸುರಪುರದ ಎರಿ ಹೊಲಗಳು ಆ ವಾರ ಏನು ಕೊಡುತ್ತವೋ ಅದರಿಂದ ಆಗುವ ಪದಾರ್ಥ ಅದು. ಇಡೀ ಊಟದಲ್ಲಿ ಬೇರೆ ದಿನ ಮಾಡಲಾಗದ್ದು ಅದೊಂದೇ.

ದಕ್ಷಿಣದ ಓದುಗರಿಗೆ ಒಂದು ಮಾತು: ಇದು ಎಣ್ಣೆಯಲ್ಲಿ ಕರಿದ ಬಜ್ಜಿಯಲ್ಲ. ಹಸಿ ಕಾಳು, ಕಾಯಿ, ಸೊಪ್ಪು ಎಲ್ಲ ಕೂಡಿಸಿ ಬೇಯಿಸಿದ ದಪ್ಪನೆಯ ಪಲ್ಯ. ಬೀದರ್, ಕಲಬುರಗಿಯಲ್ಲೂ ಇದೆ. ಗಡಿಯಾಚೆ ಲಾತೂರ್, ಧಾರಾಶಿವದ ರೈತರೂ ಇದೇ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಇದನ್ನೇ ಉಣ್ಣುತ್ತಾರೆ.

ಕೆಲಸ ಹಿಂದಿನ ಸಂಜೆಯೇ ಶುರು. ಹಸಿ ತೊಗರಿ, ಅವರಿ, ಹಸಿ ಕಡ್ಲಿಕಾಳು ಸುಲಿದು ಬೇರೆಬೇರೆ ಬುಟ್ಟಿಯಲ್ಲಿ ಇಡುತ್ತಾರೆ. ಬೇಯುವ ಹೊತ್ತು ಒಂದೊಂದಕ್ಕೆ ಒಂದೊಂದು. ನಸುಕಿನಲ್ಲಿ ಒಲೆ ಹೊತ್ತಿದ ಮೇಲೆ ಗಟ್ಟಿ ಕಾಳು ಮೊದಲು. ಅವು ಅರ್ಧ ಬೆಂದಾಗ ಬದನೆಕಾಯಿ, ಗಜ್ಜರಿ, ಹಸಿಮೆಣಸಿನಕಾಯಿ. ಸೊಪ್ಪಿನ ಸರದಿ ಕೊನೆಗೆ: ಮೆಂತ್ಯೆ, ಉಳ್ಳಾಗಡ್ಡಿ ತಪ್ಪಲು, ಎಳೆ ಕುಸುಬಿ ಎಲೆ, ಕಡ್ಲಿ ಕುಡಿ, ಹಿಡಿಯಷ್ಟು ಪುಂಡಿ. ಕೆಲವು ಮನೆಗಳಲ್ಲಿ ಬಾರಿಕಾಯಿಯೂ ಬೀಳುತ್ತದೆ. ಮಜ್ಜಿಗೆಯಲ್ಲಿ ಕದಡಿದ ಕಡಲೆಹಿಟ್ಟನ್ನು ಸಣ್ಣ ಧಾರೆಯಾಗಿ ಸುರುವುತ್ತ, ಕೈ ಬಿಡದೆ ತಿರುವಬೇಕು. ಕೈ ನಿಂತರೆ ಗಂಟು ಕಟ್ಟುತ್ತದೆ. ಮೇಲೆ ಬಳ್ಳೊಳ್ಳಿ ಒಗ್ಗರಣೆ, ಹುರಿದು ಕುಟ್ಟಿದ ಎಳ್ಳಿನ ಪುಡಿ. ಗರಂ ಮಸಾಲೆ ಇದಕ್ಕೆ ಬೇಡವೇ ಬೇಡ.

ಒಳ್ಳೆಯ ಭಜ್ಜಿಯನ್ನು ಗುರುತಿಸುವುದು ಕಷ್ಟವಲ್ಲ. ಸೊಪ್ಪು ಕರಗಿರಬೇಕು, ಕಾಳು ಕರಗಿರಬಾರದು. ಹಲ್ಲಿಗೆ ಸಿಕ್ಕ ಹಸಿ ತೊಗರಿ ತನ್ನ ಸಿಹಿಯನ್ನು ಬೇರೆಯಾಗಿ ಹೇಳಬೇಕು. ಕಡಬಿನ ಮೇಲೆ ಹಾಕಿದರೆ ಕೂರಬೇಕು, ಹರಿದುಹೋಗಬಾರದು. ಎಲ್ಲಕ್ಕಿಂತ ಮುಖ್ಯ ಹುಳಿ. ಕಡ್ಲಿ ಗಿಡದ ಎಲೆಯ ಮೇಲೆ ಸಹಜವಾಗಿಯೇ ಹುಳಿ ಇರುತ್ತದೆ. ಮೊದಲೆಲ್ಲ ನಸುಕಿನಲ್ಲಿ ಗಿಡಗಳ ಮೇಲೆ ತೆಳು ಬಟ್ಟೆ ಹಾಸಿ, ಇಬ್ಬನಿಯ ಜೊತೆ ಆ ಹುಳಿಯನ್ನು ಹಿಂಡಿಕೊಂಡು ಹೊಟ್ಟೆನೋವಿಗೆ ಇಟ್ಟುಕೊಳ್ಳುತ್ತಿದ್ದರು. ಕುಡಿ ಚಿವುಟಿದರೆ ಗಿಡ ಕವಲೊಡೆದು ಹೆಚ್ಚು ಕಾಯಿ ಹಿಡಿಯುತ್ತದೆ, ಹೀಗಾಗಿ ಅಡುಗೆಗೂ ಬೆಳೆಗೂ ಒಂದೇ ಕೈಯಲ್ಲಿ ಲಾಭ. ಈ ಎಲೆಯ ಹುಳಿ ನಾಲಿಗೆಯನ್ನು ಕಚ್ಚುವುದಿಲ್ಲ, ನಿಧಾನವಾಗಿ ಮೂಡುತ್ತದೆ. ಹುಣಸೆಗೂ ಮಜ್ಜಿಗೆಗೂ ಅದು ಬರುವುದಿಲ್ಲ.

ಜೊತೆಗಾರನೆಂದರೆ ಕಡಬು. ಗಡಿಗೆಯ ತಳದಲ್ಲಿ ಜೋಳದ ದಂಟಿನ ತುಂಡುಗಳನ್ನು ಅಡ್ಡಡ್ಡ ಹಾಕಿ, ಕೆಳಗೆ ನೀರು ಬಿಟ್ಟು, ಮೇಲೆ ಸಜ್ಜಿ ಹಿಟ್ಟಿನ ಬಿಲ್ಲೆಗಳನ್ನಿಟ್ಟು ಹಬೆಯಲ್ಲಿ ಬೇಯಿಸುತ್ತಾರೆ. ದಂಟಿನ ಸಿಹಿ ವಾಸನೆ ಕಡಬಿಗೆ ಹತ್ತುತ್ತದೆ. ಇಡ್ಲಿ ಪಾತ್ರೆಯಲ್ಲಿ ಮಾಡಿದರೆ ಅದು ಸಿಗದು. ಸಜ್ಜಿಯ ಒರಟು, ಸಣ್ಣ ಕಹಿ, ಅದರ ಎದುರಿಗೆ ಭಜ್ಜಿಯ ಹುಳಿ. ಬೆರಳ ತುದಿಯಷ್ಟು ಗುರೆಳ್ಳು ಹಿಂಡಿ ಸಾಕು, ಊಟ ತುಂಬಿತು. ಈಗೀಗ ಇದೇ ಎಡೆಯ ಪಕ್ಕದಲ್ಲಿ ಪೂರಿ, ಪಲಾವ್, ಪನೀರ್ ಬಂದು ಕೂತಿವೆ. ಹೊಲಕ್ಕೆ ಬಂದ ಬೀಗರಿಗೆ ಏನೂ ಕಡಿಮೆಯಾಗಬಾರದೆಂಬ ಪ್ರೀತಿ ಅದರ ಹಿಂದಿದೆ, ನಿಜ. ಆದರೆ ಮಸಾಲೆ ಪಲಾವ್ ಉಂಡ ನಾಲಿಗೆಗೆ ಕಡ್ಲಿ ಕುಡಿಯ ಹುಳಿ ತಿಳಿಯುವುದಿಲ್ಲ.

ಭಜ್ಜಿ ಬಡವಾಗುತ್ತಿರುವುದಕ್ಕೆ ಅಡುಗೆಮನೆಯನ್ನು ದೂರುವುದು ಮಾತ್ರ ತಪ್ಪು. ಕಾರಣ ಹೊಲದಲ್ಲಿದೆ. ನಾರಾಯಣಪುರದ ಬಸವಸಾಗರ ಜಲಾಶಯ 1982ರಲ್ಲಿ ಮುಗಿಯಿತು. ಎಡದಂಡೆ ಕಾಲುವೆಯಲ್ಲಿ ಕೃಷ್ಣೆಯ ನೀರು ಬಂದ ಮೇಲೆ ಸುರಪುರ, ಶಹಾಪುರದ ಕಡೆ ಜೋಳ ಇದ್ದಲ್ಲಿ ಭತ್ತ ಬಂತು, ಹತ್ತಿ ಬಂತು, ಮೆಣಸಿನಕಾಯಿ ಬಂತು. ನೀರು ಬಂದದ್ದನ್ನು ನಾನು ಹಳಿಯುವುದಿಲ್ಲ. ಗುಳೆ ಹೋಗುವ ನಾಡಿನಲ್ಲಿ ನೀರನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ. ಆದರೆ ಲೆಕ್ಕ ಲೆಕ್ಕವೇ. ಒಣ ಬೇಸಾಯದ ಹೊಲದಲ್ಲಿ ಜೋಳದ ಜೊತೆ ಕಡ್ಲಿ, ದನ ನುಗ್ಗದಂತೆ ಅಂಚಿಗೆ ಮುಳ್ಳಿನ ಕುಸುಬಿ, ನಡುವೆ ತೊಗರಿ, ಅವರಿ ಇರುತ್ತಿದ್ದವು. ಕೆಸರು ಹೊಡೆದ ಗದ್ದೆಯಲ್ಲಿ ಭತ್ತ ಒಂದೇ. ತಾನೇ ಹುಟ್ಟುತ್ತಿದ್ದ ಹತ್ತರಕಿ, ಗೋಳಿ ಪಲ್ಯಗಳಿಗೆ ಕಳೆನಾಶಕ ಬಡಿಯಿತು. ಔಷಧಿ ಹೊಡೆದ ಹತ್ತಿ ಹೊಲದ ಬದುವಿನಿಂದ ಸೊಪ್ಪು ಕಿತ್ತು ತರಲು ಯಾವ ತಾಯಿಗೂ ಮನಸ್ಸಾಗದು, ಆಗಲೂಬಾರದು.

ಹಾಗಾಗಿ ಅಮಾವಾಸ್ಯೆಯ ಹಿಂದಿನ ದಿನ ಸಂತೆಗೆ ಹೋಗಬೇಕು. ಭಜ್ಜಿಗೆಂದೇ ಕೂಡಿಸಿಟ್ಟ ಕಾಯಿಪಲ್ಲೆಯ ಗುಂಪು ಕೊಂಡು, ಮರುದಿನ ಅದನ್ನು ಬೇಯಿಸಿ ಗದ್ದೆಗೆ ಒಯ್ಯುತ್ತಾರೆ. ಬದುವಿನ ಮೇಲೆ ಪಾಂಡವರೆಂದು ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪೂಜೆ ಮಾಡಿ, ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಚರಗವೆಂದರೆ ಬಸುರಿ ಭೂಮಿತಾಯಿಗೆ ಬಯಕೆಯೂಟ. ಅವಳು ಕೊಟ್ಟದ್ದನ್ನೇ ಬೇಯಿಸಿ ಅವಳಿಗೆ ಮೊದಲ ತುತ್ತು ಇಡುವುದು ಅದರ ಅರ್ಥ. ಸಂತೆಯ ಗಜ್ಜರಿ, ಬೀನ್ಸ್ ಚೆಲ್ಲಿದಾಗ ಪದ್ಧತಿ ಉಳಿಯಿತು, ಆ ಕೊಡು-ಕೊಳ್ಳುವಿಕೆ ಉಳಿಯಲಿಲ್ಲ. ರುಚಿಯಲ್ಲೂ ಇದು ಕಾಣುತ್ತದೆ: ಸಂತಿ ಭಜ್ಜಿ ಸಿಹಿಯಾಗಿರುತ್ತದೆ, ಹಸಿರು ಕಡಿಮೆ, ಹುಳಿಗೆಲ್ಲ ಹುಣಸೆಯೇ ಗತಿ. ಯಾದಗಿರಿ, ಗುರುಮಠಕಲ್ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ತೊಗರಿ ಇನ್ನೂ ಇದೆ. ಅಲ್ಲಿನ ಭಜ್ಜಿಗೆ ಅಂಕ ಹೆಚ್ಚು ಕೊಡುತ್ತೇನೆ.

ಈ ಊಟದ ಹಳೆಯ ರೂಪವೂ ನಿರ್ದೋಷಿಯಲ್ಲ. ಹೊಲದಲ್ಲಿ ಇಪ್ಪತ್ತು ಮೂವತ್ತು ಮಂದಿ ಉಣ್ಣುವ ಬುತ್ತಿಯ ಹಿಂದೆ ಹೆಂಗಸರ ನಿದ್ದೆ ಇರುತ್ತದೆ. ಗಂಡಸರು ಬಂಡಿ ಸಿಂಗರಿಸುವ ಹೊತ್ತಿಗೆ ಅವರು ಮುನ್ನೂರು ಕಡಬು ಬೇಯಿಸಿ ಮುಗಿಸಿರಬೇಕು. ದಾರಿಯಲ್ಲಿ ಹೋಗುವವರನ್ನೂ ಜಾತಿ ಧರ್ಮ ಕೇಳದೆ ಊಟಕ್ಕೆ ಕೂಗುವುದು ಈ ಹಬ್ಬದ ದೊಡ್ಡ ಗುಣ. ಆದರೆ ವರ್ಷವಿಡೀ ಅದೇ ಹೊಲದಲ್ಲಿ ಕಳೆ ತೆಗೆದ ಕೂಲಿ ಹೆಣ್ಣುಮಗಳು ಆ ದಿನವೂ ಅತಿಥಿಯಾಗಿಯೇ ಕೂರುತ್ತಾಳೆ. ಚರಗ ಚೆಲ್ಲಲು ಅವಳಿಗೆ ಸ್ವಂತ ಹೊಲವಿಲ್ಲ. ಕಡ್ಲಿ ಸಾಲು ಮರಳಿ ಬಂದರೂ ಇದು ತಾನಾಗಿ ಸರಿಹೋಗುವುದಿಲ್ಲ.

ಶಹಾಪುರದ ಹತ್ತಿರ ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜು ಇದೆ. ಯಾವ ಊರಿನ ಭಜ್ಜಿಗೆ ಯಾವ ಯಾವ ಸೊಪ್ಪು, ಯಾವ ಕಾಳು ಬೀಳುತ್ತಿತ್ತು ಎಂಬುದನ್ನು ಅಲ್ಲಿನ ವಿದ್ಯಾರ್ಥಿಗಳು ಹಿರಿಯ ಹೆಂಗಸರನ್ನು ಕೇಳಿ ಬರೆದಿಟ್ಟರೆ, ಈ ಎರಿ ಭೂಮಿಯ ಬೆಳೆ ವೈವಿಧ್ಯದ ನಂಬುವಂಥ ದಾಖಲೆ ಅದೇ ಆದೀತು. ಗದ್ದೆಯ ಬದುವಿನ ಮೇಲೆ ತೊಗರಿ, ಕಾಲುವೆ ನೀರು ಹತ್ತದ ಮೂಲೆಯಲ್ಲಿ ನಾಲ್ಕು ಸಾಲು ಕಡ್ಲಿ ಹಾಕುವುದಕ್ಕೆ ಭತ್ತದ ರೈತನಿಗೂ ದೊಡ್ಡ ಖರ್ಚಿಲ್ಲ. ಔಷಧಿ ತಾಗದ ಆ ನಾಲ್ಕು ಸಾಲು ಒಂದು ಮನೆಯ ಭಜ್ಜಿಗೂ ಚರಗಕ್ಕೂ ಸಾಕಾಗುತ್ತದೆ.