ಶಾರ್ಕ್ ಪಕ್ಕ ಈಜಿದ ವಿಡಿಯೊಗಳು

ಲಿಂಗಸುಗೂರಿನ ಗೆಳೆಯ ದುಬೈಗೆ ಹೋಗಿಬಂದು ವಿಡಿಯೊ ಕಳಿಸಿದ: ದುಬೈ ಮಾಲ್‌ನ ಅಕ್ವೇರಿಯಂನಲ್ಲಿ ಶಾರ್ಕ್, ತೊರಕೆ ಮೀನುಗಳ ನಡುವೆ ಸ್ಕೂಬಾ ಡೈವಿಂಗ್. ಅಂಥವೇ ಇನ್ನೂ ನಾಲ್ಕೈದು ಹುಡುಕಿ ನೋಡಿದೆ. 1 ಕೋಟಿ ಲೀಟರ್ ನೀರಿನ ತೊಟ್ಟಿ. ಅಕ್ರಿಲಿಕ್ ಗೋಡೆಯಾಚೆ ಶಾಪಿಂಗ್ ಚೀಲ ಹಿಡಿದ ಜನ. ಚಂದ ಐತಿ, ಸುಳ್ಳು ಹೇಳಬಾರದು. ತೊರಕೆಯೊಂದು ರೆಕ್ಕೆ ಬಡಿಯುತ್ತ ತಲೆ ಮೇಲೆ ಹಾದಾಗ ನನಗೂ ಉಸಿರು ನಿಂತಂಗಾತು.

ಆದರೆ ಹಿನ್ನೆಲೆ ಸಂಗೀತ ಮಾತ್ರ ಸಾವನ್ನೇ ಗೆದ್ದು ಬಂದವರದು! ಸ್ಯಾಂಡ್ ಟೈಗರ್ ಶಾರ್ಕಿನ ಹಲ್ಲು ಬಾಯಿ ಮುಚ್ಚಿದರೂ ಹೊರಗೆ ಕಾಣ್ತಾವೆ, ಅದಕ್ಕೇ ಭಯಂಕರ ಅನ್ನಿಸ್ತದೆ, ಸ್ವಭಾವ ಸಾಧು. ಹೊತ್ತಿಗೆ ಸರಿಯಾಗಿ ಊಟ ಸಿಗುವ ಮೀನಿನ ಪಕ್ಕ ಈಜೋದು ಯಾವ ಶೌರ್ಯ? ಸಿಂಧನೂರಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ಜಿಗಿಯೋ ನಮ್ಮ ಹುಡುಗರ ಬೆನ್ನಿಗೆ ಸಿಲಿಂಡರೂ ಇರಲ್ಲ.

ಈ ಗದ್ದಲದಲ್ಲಿ ಮೀನು ಬರೀ ಸೆಲ್ಫಿಯ ಪರದೆ ಆಗ್ತದೆ. ನಮ್ಮ ಮಸ್ಕಿಯ ಬಂಡೆಯಲ್ಲಿ ಹೆಸರು ಕೆತ್ತಿಸಿದ ಅಶೋಕ, ದೆಹಲಿಯ ಕಂಬದ ಶಾಸನವೊಂದರಲ್ಲಿ ಕೊಲ್ಲಬಾರದ ಜೀವಿಗಳ ಪಟ್ಟಿ ಕೊಡ್ತಾನೆ. ಅದರಲ್ಲಿ ‘ಮೂಳೆಯಿಲ್ಲದ ಮೀನು’ ಅಂತಲೂ ಇದೆ. ಅದು ಯಾವುದೋ, ಪಂಡಿತರು ಜಗಳಾಡಲಿ. ಶಾರ್ಕ್, ತೊರಕೆಗಂತೂ ಮೂಳೆಯಿಲ್ಲ, ಬರೀ ಮೃದ್ವಸ್ಥಿ. ನಾ ನೋಡಿದ ಒಂದು ವಿಡಿಯೊದಲ್ಲೂ ಮೀನಿನ ಹೆಸರಿಲ್ಲ, ಎಷ್ಟು ವರ್ಷದಿಂದ ಅಲ್ಲೇ ಸುತ್ತುತ್ತಿದೆ ಅಂತ ಯಾರೂ ಕೇಳಿಲ್ಲ. ಸಂಗೀತ ತೆಗೆದು ನೀರಗುಳ್ಳೆಗಳ ಸದ್ದನ್ನಾದರೂ ಹಂಗೇ ಬಿಡಬಹುದಿತ್ತು.